ಕಡ್ಡಿ ಗೀರುವ ಮುನ್ನ

ಅಡುಗೆ ಅನಿಲ ಗಾಳಿಯೊಡನೆ ಬೆರೆತ ಮಾತ್ರಕ್ಕೆ ಒಲೆ ಹೊತ್ತಿಕೊಳ್ಳದು, ಕಡ್ಡಿ ಗೀರಲೇಬೇಕು. ಆಮೇಲೆ ಹೊಮ್ಮುವ ಶಾಖ ಎಷ್ಟೇ ಇರಲಿ, ಆರಂಭದಲ್ಲಿ ಅಣುಗಳು ಒಂದು ದಿಬ್ಬ ಏರಬೇಕು. 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ವಿವರಿಸಿದ ಈ ದಿಬ್ಬದ ಎತ್ತರವೇ ಸಕ್ರಿಯಣ ಶಕ್ತಿ. ವೇಗವರ್ಧಕವು ಅಣುಗಳಿಗೆ ಹೊಸ ಬಲ ತುಂಬುವುದಿಲ್ಲ, ದಿಬ್ಬ ತಗ್ಗಿರುವ ಬೇರೊಂದು ದಾರಿ ತೆರೆಯುತ್ತದೆ.

ಹಳ್ಳಿಯ ಹುಡುಗಿ ಏಳನೆಯ ತರಗತಿಗೇ ಶಾಲೆ ಬಿಟ್ಟರೆ ಓದಿನಲ್ಲಿ ಆಸಕ್ತಿಯಿಲ್ಲ ಎಂದುಬಿಡುವವರಿಗೆ ನಾನು ಕೇಳುವುದಿಷ್ಟೇ: ಪ್ರೌಢಶಾಲೆ ಎಷ್ಟು ದೂರ? 2006ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ಮತಗಳಿಕೆಯ ತಂತ್ರವೆಂದವರೂ ಉಂಟು, ಇರಲಿ. ಉಪದೇಶದ ಗೊಡವೆಗೆ ಹೋಗದೆ ದಿಬ್ಬವನ್ನೇ ತಗ್ಗಿಸಿದ ಯೋಜನೆ ಅದೆಂದು ನನ್ನ ಎಣಿಕೆ. ವೇಗವರ್ಧಕ ಕ್ರಿಯೆಯಲ್ಲಿ ವ್ಯಯವಾಗುವುದಿಲ್ಲ. ಸೈಕಲ್ಲಿನ ಟೈರು ಸವೆಯುತ್ತದೆ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ.