ಗಣಕದಲ್ಲಿ ಸಿಕ್ಕಿಕೊಂಡ ಕನ್ನಡ ಪುಸ್ತಕಗಳು

ಪುಸ್ತಕವೊಂದು ಅಚ್ಚಾಗಿ ಕೈಗೆ ಬಂದ ಮೇಲೆ ಅದರೊಳಗಿನ ಅಕ್ಷರಗಳನ್ನು ಯಾರು, ಹೇಗೆ ಜೋಡಿಸಿದರೆಂದು ಓದುಗರು ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿಲ್ಲ. ಆದರೆ ಅದೇ ಪುಸ್ತಕದ ಎರಡನೆಯ ಮುದ್ರಣವನ್ನು ತರಲು ಹೊರಟವರಿಗೆ ಒಂದು ವಿಚಿತ್ರ ಕಾದಿರುತ್ತದೆ. ಹಿಂದೆ ಅಚ್ಚಿಗಾಗಿ ಸಿದ್ಧಪಡಿಸಿದ ಗಣಕದ ಕಡತ ಭದ್ರವಾಗಿಯೇ ಇದೆ, ತೆರೆದರೆ ತೆರೆಯುತ್ತದೆ. ಆದರೆ ಅದರೊಳಗೆ ಕನ್ನಡವಿಲ್ಲ! ಇಂಗ್ಲಿಷಿನ ಅಕ್ಷರಗಳು, ಪೌಂಡ್ ನಾಣ್ಯದ ಗುರುತು, ತಲೆಯ ಮೇಲೆ ಗೀಟು ಹೊತ್ತ ಐರೋಪ್ಯ ಲಿಪಿಗಳು—ಎಲ್ಲವೂ ಸಂತೆಯಲ್ಲಿ ನೆರೆದಂತೆ ನೆರೆದಿರುತ್ತವೆ.

ಗದಗ ಜಿಲ್ಲೆಯ ಜಕ್ಕಲಿ ಗ್ರಾಮವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಅದು. ‘ಕರ್ನಾಟಕ ಮಹಿಮ್ನಃ ಸ್ತೋತ್ರ’ವನ್ನು ರಚಿಸಿದ ಅವರು 1953ರಲ್ಲಿ ತಮ್ಮ ಮನೆಯ ಗೋಡೆಯ ಮೇಲೆ ಭುವನೇಶ್ವರಿಯ ಚಿತ್ರವನ್ನು ಬರೆಯಿಸಿದರು. ಕನ್ನಡ ನಾಡು ಒಂದು ರಾಜ್ಯವಾದುದು 1956ರ ನವೆಂಬರ್ 1ರಂದು. ಅದಕ್ಕೆ ‘ಕರ್ನಾಟಕ’ವೆಂಬ ಹೆಸರು ದೊರೆತುದು 1973ರ ನವೆಂಬರ್ 1ರಂದು. ಇಂಥ ಊರಿನ ಇತಿಹಾಸವನ್ನು ಹಿರಿಯರೊಬ್ಬರು 1998ರ ಸುಮಾರಿಗೆ ಬರೆದು, ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಜೋಡಿಸಿ, ಅಚ್ಚು ಹಾಕಿಸಿದ್ದರೆಂದು ಭಾವಿಸೋಣ. ಇಂದು ಅವರ ಮೊಮ್ಮಗಳು ಆ ಕಡತದಲ್ಲಿ ‘ಕರ್ನಾಟಕ’ ಎಂಬ ಪದವನ್ನು ಹುಡುಕಿದರೆ, ಇಡೀ ಪುಸ್ತಕದಲ್ಲಿ ಆ ಪದ ಒಂದು ಬಾರಿಯೂ ಇಲ್ಲವೆಂದು ಗಣಕ ಉತ್ತರಿಸುತ್ತದೆ. ನಾಡಿನ ಹೆಸರಿಗಾಗಿ ಹೋರಾಡಿದವರ ಕಥೆಯಲ್ಲಿ ನಾಡಿನ ಹೆಸರೇ ಕಾಣೆ!

ಇದು ಒಂದು ಊರಿನ, ಒಂದು ಮನೆಯ ಕಷ್ಟವಲ್ಲ. ಸುಮಾರು ಎರಡು ದಶಕಗಳ ಕಾಲ ಕನ್ನಡದಲ್ಲಿ ಅಚ್ಚಾದ ಕಾದಂಬರಿ, ಪಠ್ಯಪುಸ್ತಕ, ಸ್ಮರಣ ಸಂಚಿಕೆ, ವಂಶಾವಳಿಗಳ ಪೈಕಿ ಬಹುಪಾಲು ಈ ಸ್ಥಿತಿಯಲ್ಲಿವೆ. ಅವುಗಳನ್ನು ಬಿಡಿಸಿ ತರುವ ಉಪಕರಣಗಳೂ ಉಂಟು. ಆದರೆ ಆ ಉಪಕರಣಗಳನ್ನು ಬಳಸುವ ರೀತಿಯನ್ನು ತಿಳಿಸುವ ಕೈಪಿಡಿ ಎಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆ.

ವೇಷ ಹಾಕಿದ ಅಕ್ಷರಗಳು

ಮೊದಲು ರೋಗದ ಮೂಲವನ್ನು ನೋಡಬೇಕು. ಸೀಸದ ಮೊಳೆಗಳ ಕಾಲ ಮುಗಿದು ಗಣಕದ ಕಾಲ ಬಂದಾಗ ಕನ್ನಡದ ಮುದ್ರಣಾಲಯಗಳು ಪೇಜ್‌ಮೇಕರ್ ಎಂಬ ತಂತ್ರಾಂಶವನ್ನು ನೆಚ್ಚಿಕೊಂಡವು. ಆಲ್ಡಸ್ ಎಂಬ ಕಂಪನಿ 1985ರಲ್ಲಿ ಹೊರತಂದ ಈ ತಂತ್ರಾಂಶ 1994ರಲ್ಲಿ ಅಡೋಬಿ ಕಂಪನಿಯ ವಶಕ್ಕೆ ಬಂದಿತು. ಅದರ ಏಳನೆಯ ಹಾಗೂ ಕೊನೆಯ ಆವೃತ್ತಿ 2001ರಲ್ಲಿ ಹೊರಬಿದ್ದಿತು. ಅದಕ್ಕೆ ಕನ್ನಡವೆಂಬ ಭಾಷೆಯೊಂದಿದೆಯೆಂದು ತಿಳಿದಿರಲಿಲ್ಲ. ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆಗಳು. ಆ ಮನೆಗಳೆಲ್ಲ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲು.

ನಮ್ಮವರು ಜಾಣ್ಮೆಯಿಂದ ಒಂದು ಉಪಾಯ ಮಾಡಿದರು. ಕನ್ನಡದ ಅಕ್ಷರವನ್ನು ಮೈ, ತಲೆಕಟ್ಟು, ಒತ್ತು, ದೀರ್ಘ ಎಂದು ಬಿಡಿ ಬಿಡಿಯಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಒಂದೊಂದು ಐರೋಪ್ಯ ಅಕ್ಷರದ ಮನೆಯಲ್ಲಿ ಕೂರಿಸಿದರು. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಇಂಗ್ಲಿಷಿನ ‘ಪಿ’ ಇರಬೇಕಾದ ಮನೆಯಲ್ಲಿ ‘ಕ’ಕಾರದ ಮೈ ಇದೆ, ಪೌಂಡ್ ಗುರುತಿನ ಮನೆಯಲ್ಲಿ ‘ನ’ಕಾರದ ಮೈ ಇದೆ. ಗಣಕ ತಾನು ಪೌಂಡ್ ಗುರುತನ್ನು ಬರೆಯುತ್ತಿದ್ದೇನೆಂದು ತಿಳಿಯುತ್ತದೆ. ಕಾಗದದ ಮೇಲೆ ಮಾತ್ರ ‘ನ’ ಮೂಡುತ್ತದೆ. ನಾಟಕದ ವೇಷದಂತೆ ಇದು. ಫಾಂಟು ಜೊತೆಗಿರುವವರೆಗೆ ರಾಜನೇ ರಾಜ. ಕಿರೀಟ ತೆಗೆದೊಡನೆ ಬಣ್ಣದ ಹಿಂದಿನ ಮುಖ ಬೇರೆ.

‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಹಳೆಯ ನುಡಿಯಲ್ಲಿ ಅದಕ್ಕೆ ಎಂಟು ಗುರುತುಗಳು ಬೇಕು: ಕಕಾರದ ಮೈ, ತಲೆಕಟ್ಟು, ನಕಾರದ ಮೈ, ದೀರ್ಘ, ಅರ್ಕಾವತ್ತು, ಟ, ಮತ್ತೆ ಕಕಾರದ ಮೈ, ತಲೆಕಟ್ಟು. ಬಾಯಲ್ಲಿ ‘ರ್’ ಮೊದಲು ಬಂದು ‘ನಾ’ ಆಮೇಲೆ ಬರುತ್ತದೆ. ಬರೆಹದಲ್ಲಿ ‘ನಾ’ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ಫಾಂಟು ಕಣ್ಣಿನ ಕ್ರಮವನ್ನು ಅನುಸರಿಸಿತು.

ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ನಾಲಿಗೆಯ ಕ್ರಮವನ್ನು ಅನುಸರಿಸುತ್ತದೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅಲ್ಲಿ 3200ರಿಂದ 3327ರವರೆಗಿನ 128 ಮನೆಗಳು ಕನ್ನಡಕ್ಕೇ ಸ್ವಂತ. ‘ಕ’ಕಾರದ ಮನೆ 3221. ‘ಕರ್ನಾಟಕ’ಕ್ಕೆ ಅಲ್ಲಿ ಏಳು ಸಂಖ್ಯೆಗಳು ಸಾಕು: ಕ, ರ, ವಿರಾಮ, ನ, ದೀರ್ಘ, ಟ, ಕ. ತಲೆಕಟ್ಟು ಎಲ್ಲಿ, ಅರ್ಕಾವತ್ತು ಎಲ್ಲಿ ಎಂಬ ಚಿತ್ರದ ಕೆಲಸ ಫಾಂಟಿಗೆ ಸೇರಿದ್ದು.

ಆದುದರಿಂದ ಪರಿವರ್ತನೆಯೆಂದರೆ ಒಂದು ಗುರುತಿನ ಬದಲು ಮತ್ತೊಂದನ್ನು ಇಡುವ ಕೆಲಸ ಮಾತ್ರವಲ್ಲ. ಅರ್ಕಾವತ್ತನ್ನು ಹಿಂದಕ್ಕೆ ಹಾರಿಸಬೇಕು, ಒತ್ತಕ್ಷರವನ್ನು ಸ್ವರಚಿಹ್ನೆಯ ಮುಂಚೆ ತಂದು ನಿಲ್ಲಿಸಬೇಕು, ಒಂಟಿ ತಲೆಕಟ್ಟನ್ನು ನುಂಗಬೇಕು. ಇದಕ್ಕೆಲ್ಲ ನಿಯಮಗಳ ಪಟ್ಟಿ ಬೇಕು.

ಪಟ್ಟಿ ಎಲ್ಲಿದೆ?

ತೊಂದರೆ ಇರುವುದು ಇಲ್ಲಿಯೇ. ಕೆ. ಪಿ. ರಾವ್ ಅವರು ಕನ್ನಡಕ್ಕೆ ತರ್ಕಬದ್ಧ ಕೀಲಿಮಣೆಯನ್ನು ಕೊಟ್ಟರು, ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಮನೆಮನೆಗೆ ಬಂದಿತು, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು, ಪುಣೆಯ ಮಾಡ್ಯುಲರ್ ಕಂಪನಿಯ ‘ಶ್ರೀಲಿಪಿ’ ಮುದ್ರಣಾಲಯಗಳಲ್ಲಿ ನೆಲೆಯೂರಿತು. ಇವೆಲ್ಲ ಕನ್ನಡಕ್ಕೆ ಸಂದ ಸೇವೆಗಳೇ. ಆದರೆ ನುಡಿಯಲ್ಲಿ ‘ಕ’ ಕುಳಿತ ಮನೆಯಲ್ಲಿ ಶ್ರೀಲಿಪಿಯ ‘ಕ’ ಕುಳಿತಿಲ್ಲ. ಒಂದರ ಪಟ್ಟಿ ಇನ್ನೊಂದಕ್ಕೆ ಹೊಂದದು. ಯಾವ ತುಂಡು ಯಾವ ಮನೆಯಲ್ಲಿದೆ ಎಂಬ ವಿವರ ಬಳಕೆದಾರರ ಕೈಗೆ ಬರಲೇಬೇಕೆಂದು ಆ ದಿನಗಳಲ್ಲಿ ಯಾರಿಗೂ ಅನ್ನಿಸುವ ಕಾರಣವಿರಲಿಲ್ಲ. ಅಚ್ಚು ಚೆನ್ನಾಗಿ ಬಿದ್ದರೆ ಸಾಕಾಗಿತ್ತು.

ಈ ಕೊರತೆಯನ್ನು ತುಂಬಿದವರು ಸ್ವಯಂಪ್ರೇರಣೆಯಿಂದ ದುಡಿದ ಕೆಲವು ತಂತ್ರಜ್ಞರು. ‘ಗುಬ್ಬಿ’, ‘ನವಿಲು’ ಎಂಬ ಫಾಂಟುಗಳನ್ನು ರೂಪಿಸಿದ ಅರವಿಂದ ವಿ. ಕೆ. ಅವರು ನುಡಿ ಮತ್ತು ಬರಹದ ಹಳೆಯ ಬರೆಹವನ್ನು ಯೂನಿಕೋಡಿಗೆ ತರುವ ಪರಿವರ್ತಕವೊಂದನ್ನು ಬರೆದು, ಅದರ ಒಳಗುಟ್ಟನ್ನೆಲ್ಲ ಸಾರ್ವಜನಿಕರಿಗೆ ತೆರೆದಿಟ್ಟರು. ಅದರ ಒಳಗೆ ಇಣುಕಿ ನೋಡಿದವರಿಗೆ ವತ್ತಕ್ಷರಗಳ ಪಟ್ಟಿ ಒಂದೆಡೆ, ಅರ್ಕಾವತ್ತಿನ ನಿಯಮ ಒಂದೆಡೆ, ತುಂಡಾದ ಸ್ವರಚಿಹ್ನೆಗಳನ್ನು ಬೆಸೆಯುವ ನಿಯಮ ಮತ್ತೊಂದೆಡೆ ಕಾಣುತ್ತವೆ. ಪಟ್ಟಿಗಳಿಗೆ ಕನ್ನಡದ ಹೆಸರುಗಳೇ ಇವೆ. ಬೇರೆ ಕೈಪಿಡಿ ಸಿಗದಿದ್ದರೆ ಈ ಪಟ್ಟಿಯೇ ಕೈಪಿಡಿ. ಯೂನಿಕೋಡಿನ ಕಡೆಯ ನಿಯಮಗಳು ಬೇಕಾದವರಿಗೆ ಅದರ ಅಧಿಕೃತ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಕನ್ನಡದ ಪ್ರಕರಣವಿದೆ. ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು.

ಎರಡು ಬಗೆಯ ಪರಿವರ್ತನೆ

ಕೈಪಿಡಿ ಹುಡುಕುವವರು ದಾರಿ ತಪ್ಪುವುದು ಹೆಚ್ಚಾಗಿ ಒಂದು ಗೊಂದಲದಿಂದ. ಅಕ್ಷರದ ಪರಿವರ್ತನೆ ಬೇರೆ, ರೂಪದ ಪರಿವರ್ತನೆ ಬೇರೆ. ನುಡಿಯ ಬರೆಹವನ್ನು ಯೂನಿಕೋಡಿಗೆ ತರುವುದು ಮೊದಲನೆಯದು. ಅಧ್ಯಾಯ, ಶೀರ್ಷಿಕೆ, ಅಡಿಟಿಪ್ಪಣಿಗಳನ್ನು ಉಳಿಸಿಕೊಂಡು ಅದನ್ನು ಮುದ್ರಣದ ಪುಟವಾಗಿ, ವಿದ್ಯುನ್ಮಾನ ಪುಸ್ತಕವಾಗಿ ಮಾರ್ಪಡಿಸುವುದು ಎರಡನೆಯದು. ಒಂದರ ಕೈಪಿಡಿಯಲ್ಲಿ ಇನ್ನೊಂದರ ಉತ್ತರ ದೊರೆಯದು.

ಎರಡನೆಯ ಕೆಲಸಕ್ಕೆ ಪ್ರಸಿದ್ಧವಾದ ಉಪಕರಣ ಪ್ಯಾಂಡಾಕ್. ಇದನ್ನು 2006ರಲ್ಲಿ ಆರಂಭಿಸಿದ ಜಾನ್ ಮ್ಯಾಕ್‌ಫಾರ್ಲೇನ್ ಅವರು ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು! ಇದರ ಕೈಪಿಡಿ ಒಂದೇ ಕಡೆ, ಸಮಗ್ರವಾಗಿ ದೊರೆಯುತ್ತದೆ. ಆದರೆ ಯೂನಿಕೋಡ್ ಬರೆಹ ಕೊಟ್ಟರೆ ಮಾತ್ರ ಅದು ಕನ್ನಡವನ್ನು ಕನ್ನಡವಾಗಿ ಕಾಣುತ್ತದೆ.

ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ ಲೋಕಕ್ಕೆ ಕೊಟ್ಟ ‘ಟೆಕ್’ ಎಂಬ ಅಚ್ಚುಜೋಡಣೆಯ ತಂತ್ರಾಂಶದ ಬಳಗದಲ್ಲಿ ಕೈಪಿಡಿಗಳಿಗೆ ಕೊರತೆಯಿಲ್ಲ. ‘ಟೆಕ್‌ಡಾಕ್’ ಎಂದು ಬರೆದು ಉಪಕರಣದ ಹೆಸರು ಸೇರಿಸಿದರೆ ಗಣಕದಲ್ಲಿಯೇ ಇರುವ ಕೈಪಿಡಿ ತೆರೆದುಕೊಳ್ಳುತ್ತದೆ. 2004ರಲ್ಲಿ ಜೊನಾಥನ್ ಕ್ಯೂ ಅವರ ‘ಝೀಟೆಕ್’ ಬಂದ ಮೇಲೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಜೋಡಿಸುವುದೂ ಸಾಧ್ಯವಾಯಿತು. ಆದರೂ ಈ ಬಳಗದಲ್ಲಿಯೇ ಒಂದು ಎಚ್ಚರಿಕೆಯ ಕಥೆಯುಂಟು. ಟೆಕ್ ಬರೆಹವನ್ನು ಅಂತರಜಾಲದ ಪುಟವಾಗಿ ಮಾರ್ಪಡಿಸುವ ‘ಟೆಕ್‌ಫೋರ್‌ಎಚ್‌ಟಿ’ ಎಂಬ ಉಪಕರಣವನ್ನು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಐಟಾನ್ ಗುರಾರಿ ಅವರು ಬೆಳೆಸಿದ್ದರು. 2009ರಲ್ಲಿ ಅವರು ಹಠಾತ್ತನೆ ತೀರಿಕೊಂಡರು. ತಿರುವನಂತಪುರದ ಸಿ. ವಿ. ರಾಧಾಕೃಷ್ಣನ್, ಕಾರ್ಲ್ ಬೆರಿ ಮೊದಲಾದವರು ಆ ಭಾರವನ್ನು ಹೊತ್ತರು. ಮುಂದೆ ಝೆಕ್ ದೇಶದ ಮಿಖಾಲ್ ಹೊಫ್ತಿಚ್ ಅದನ್ನು ಮುಂದುವರಿಸಿದರು. ಗುರಾರಿಯವರು ವಿವರಣೆಯನ್ನು ಸಂಕೇತಗಳ ನಡುವೆಯೇ ಹೆಣೆದು ಬರೆಯುವ ಪದ್ಧತಿಯನ್ನು ಅನುಸರಿಸಿದ್ದರಿಂದ, ಬಂದವರಿಗೆ ಓದಿ ತಿಳಿಯಲು ಆಧಾರವೊಂದು ಉಳಿದಿತ್ತು. ಮನುಷ್ಯ ಹೋದ ಮೇಲೆ ಅವನ ಕೆಲಸ ನಿಲ್ಲುವುದೂ ನಡೆಯುವುದೂ ಅವನು ಬರೆದಿಟ್ಟ ವಿವರವನ್ನು ಅವಲಂಬಿಸಿದೆ.

ಕೈಪಿಡಿಯೇ ತಪ್ಪಿದರೆ?

ಅಧಿಕೃತ ಗ್ರಂಥವೂ ಎಡವುವುದುಂಟು. ಹಳಗನ್ನಡದ ‘ೞ’ಕಾರಕ್ಕೆ ಯೂನಿಕೋಡಿನಲ್ಲಿ 3294ನೆಯ ಮನೆ ಸಿಕ್ಕಿತು, ಆದರೆ ಹೆಸರಿನ ಪಟ್ಟಿಯಲ್ಲಿ ಅದನ್ನು ‘ಫ’ ಎಂಬ ಅರ್ಥ ಬರುವಂತೆ ದಾಖಲಿಸಿಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಅದರ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನೂ, ತಪ್ಪಾಗಿದೆಯೆಂಬ ಟಿಪ್ಪಣಿಯನ್ನೂ ಸೇರಿಸಿದರು. ಹೆಸರನ್ನಷ್ಟೇ ನೋಡಿ ಪರಿವರ್ತಕ ಬರೆಯುವವನು ಪಂಪನ ಕಾಲದ ಪದಗಳನ್ನು ಕೆಡಿಸುತ್ತಾನೆ. ಟಿಪ್ಪಣಿಯನ್ನು ಓದಿದವನು ಉಳಿಸುತ್ತಾನೆ.

ಯಾರಿಗಾಗಿ ಈ ಶ್ರಮ?

ಅಚ್ಚಾದ ಪುಸ್ತಕ ಕಪಾಟಿನಲ್ಲಿದೆ, ಇಷ್ಟೆಲ್ಲ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲವರು ಹಾಗೆ ಕೇಳಲಾರರು. ಅಂಧ ಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದ ಸ್ಥಳ ಅದು. ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರೇ. ಇಂದು ಕಣ್ಣಿಲ್ಲದವರಿಗೆ ಗಣಕವೇ ಓದಿ ಹೇಳುತ್ತದೆ. ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಎಂಬ ತಂತ್ರಾಂಶ ಬಿಟ್ಟಿಯಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡಿನಲ್ಲಿದ್ದರೆ ಮಾತ್ರ! ಹಳೆಯ ಕಡತವನ್ನು ಕೊಟ್ಟರೆ ‘ಕರ್ನಾಟಕ’ ಎನ್ನುವ ಬದಲು ‘ಪಿ’, ‘ಪೌಂಡ್’ ಎಂದು ಒದರುತ್ತದೆ. ಕಣ್ಣಿದ್ದವರಿಗೆ ಇದು ಅನಾನುಕೂಲ. ಕಣ್ಣಿಲ್ಲದವರಿಗೆ ಮುಚ್ಚಿದ ಬಾಗಿಲು.

ಮನೆಯವರು ಮಾಡಬಹುದಾದುದು

ಹಳೆಯ ಕಡತ ಉಳ್ಳವರು ಮೊದಲು ಅದರ ಪ್ರತಿಯೊಂದನ್ನು ತೆಗೆದಿಟ್ಟು, ಯಾವ ಫಾಂಟಿನಲ್ಲಿ ಜೋಡಿಸಲಾಗಿದೆಯೆಂಬುದನ್ನು ಬರೆದುಕೊಳ್ಳಬೇಕು. ಫಾಂಟಿನ ಹೆಸರು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಪುಸ್ತಕದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವುಗಳನ್ನು ಪರಿವರ್ತಕಕ್ಕೆ ಕೊಡಬಾರದು. ಕೊಟ್ಟರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಇಡೀ ಪುಸ್ತಕವನ್ನು ಒಮ್ಮೆಗೇ ಹಾಕುವ ಮುನ್ನ ಒಂದು ಪುಟವನ್ನು ಪರೀಕ್ಷಿಸಬೇಕು. ‘ಸ್ತ್ರೀ’, ‘ರಾಷ್ಟ್ರ’, ‘ಕೃಷ್ಣ’, ‘ಜ್ಞಾನ’, ‘ಅರ್ಥ’—ಈ ಐದು ಪದಗಳು ಕೆಡದೆ ಬಂದರೆ ಪರಿವರ್ತಕವನ್ನು ಬಹುಮಟ್ಟಿಗೆ ನಂಬಬಹುದು. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ‘ಜ್’ ಮತ್ತು ‘ಕು’ ಬೇರೆಯಾಗಿಯೇ ನಿಲ್ಲಬೇಕಾದರೆ ಕಣ್ಣಿಗೆ ಕಾಣದ ಅಕ್ಷರವೊಂದು ನಡುವೆ ಇರಬೇಕು. ಅದು ಬಿದ್ದುಹೋಗಿದೆಯೇ ಎಂದು ನೋಡಬೇಕು. ಅನುಸ್ವಾರದ ಸೊನ್ನೆಗೂ ಅಂಕೆಯ ಸೊನ್ನೆಗೂ ಕಣ್ಣಿಗೆ ವ್ಯತ್ಯಾಸವಿಲ್ಲ, ಗಣಕಕ್ಕೆ ಅಜಗಜಾಂತರ. ಕಡೆಗೆ, ಅಚ್ಚಾದ ಪುಸ್ತಕದೊಡನೆ ಸಾಲು ಸಾಲಾಗಿ ಹೋಲಿಸಿ ಓದುವವರೊಬ್ಬರು ಬೇಕೇ ಬೇಕು. ಹಿಂದೆ ಮುದ್ರಣಾಲಯಗಳಲ್ಲಿ ಕರಡಚ್ಚು ತಿದ್ದುತ್ತಿದ್ದವರ ಕೆಲಸ ಇಂದಿಗೂ ಮುಗಿದಿಲ್ಲ.

ಕೆಲಸ ಮುಗಿದ ಮೇಲೆ ಇನ್ನೊಂದು ಕರ್ತವ್ಯ ಉಳಿಯುತ್ತದೆ. ಯಾವ ಫಾಂಟಿನಿಂದ, ಯಾವ ಪರಿವರ್ತಕದ ಮೂಲಕ, ಯಾವ ಯಾವ ತಿದ್ದುಪಡಿಗಳೊಡನೆ ಪುಸ್ತಕವನ್ನು ಬಿಡಿಸಲಾಯಿತೆಂಬುದನ್ನು ಒಂದು ಪುಟದಲ್ಲಿ ಸರಳವಾದ ಕನ್ನಡದಲ್ಲಿ ಬರೆದು ಕಡತದ ಜೊತೆಯಲ್ಲಿಯೇ ಇಡಬೇಕು. ಇಪ್ಪತ್ತು ವರ್ಷಗಳ ಅನಂತರ ಆ ಕಡತವನ್ನು ತೆರೆಯುವವರು ಹುಡುಕುವ ಮೊದಲ ವಸ್ತು ಆ ಒಂದು ಪುಟವೇ ಆಗಿರುತ್ತದೆ.