ಅಚ್ಚಿನ ಗಾಜು: ಅಂದು ಅಗ್ಗ, ಇಂದು ಅಪರೂಪ

ಕೊಯಮತ್ತೂರಿನ ಗಾಂಧಿಪುರಂನಲ್ಲಿ ಸತ್ಯಮಂಗಲ, ಮೈಸೂರು ಕಡೆಯ ಬಸ್ಸಿಗೆ ಕಾಯುವವರು ಚಹಾದಂಗಡಿಯಲ್ಲಿ ಕೈಗೆತ್ತಿಕೊಳ್ಳುವ ಗೀರುಗೀರಿನ ಗಾಜಿನ ಲೋಟಕ್ಕೂ ಒಂದು ಚರಿತ್ರೆಯಿದೆ ಎಂದರೆ ಯಾರಾದರೂ ನಕ್ಕಾರು. ನಮ್ಮ ಕಾಸರಗೋಡಿನ ಚಾಯದ ಅಂಗಡಿಯಲ್ಲಿರುವುದೂ ಅಂಥದೇ ಲೋಟ. ಇದನ್ನು ಊದಿ ಮಾಡುವುದಲ್ಲ, ಅಚ್ಚಿನಲ್ಲಿ ಒತ್ತಿ ಮಾಡುವುದು. ಈ ವಿದ್ಯೆಯನ್ನು ಯಂತ್ರಕ್ಕೆ ಒಗ್ಗಿಸಿ ಸಾಮಾನ್ಯರ ಮನೆಗೆ ತಲಪಿಸಿದವರು ಸುಮಾರು ಇನ್ನೂರು ವರ್ಷಗಳ ಹಿಂದಿನ ಅಮೆರಿಕದ ಗಾಜುಗಾರರು. ಅವರ ತಟ್ಟೆ, ಬಟ್ಟಲು, ಉಪ್ಪಿನ ಗಿಣ್ಣಲುಗಳನ್ನು ಇಂದು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಕೆಲಸದ ಕ್ರಮ ಸರಳವಾದುದು. ಕರಗಿದ ಗಾಜಿನ ಮುದ್ದೆಯನ್ನು ಲೋಹದ ಅಚ್ಚಿಗೆ ಹಾಕಿ, ಸನ್ನೆಕೋಲಿನಿಂದ ಕಬ್ಬಿಣದ ದಿಂಡನ್ನು ಅದರೊಳಗೆ ಇಳಿಸುವುದು. ನಮ್ಮ ಸೇಮಿಗೆ ಮಣೆಯ ಹಾಗೆಯೇ. ಕೆಳಗೆ ತೂತುಗಳಿಲ್ಲ, ಅಷ್ಟೆ. ದಿಂಡಿನಿಂದ ಒಳಮೈ ನುಣುಪಾಗುತ್ತದೆ, ಅಚ್ಚಿನಿಂದ ಹೊರಮೈಗೆ ಚಿತ್ತಾರ ಬರುತ್ತದೆ. ಕೈಯಿಂದ ಕೆತ್ತಿದ ಗಾಜು ಸಿರಿವಂತರ ಸೊತ್ತಾಗಿದ್ದ ಕಾಲದಲ್ಲಿ ಅದೇ ಬೆಡಗು ಹೀಗೆ ಅಗ್ಗಕ್ಕೆ ದೊರೆಯಿತು.

ಡೆಮಿಂಗ್ ಜಾರ್ವೆಸ್ ಎಂಬವನು 1825ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಸ್ಥಾಪಿಸಿದ ಕಾರ್ಖಾನೆ ಇದರಲ್ಲಿ ಹೆಸರುವಾಸಿ. ಮೊದಮೊದಲು ಬಿಸಿ ಗಾಜು ತಣ್ಣನೆಯ ಅಚ್ಚಿಗೆ ತಾಗಿ ಸುಕ್ಕುಗಟ್ಟುತ್ತಿತ್ತು. ಅದನ್ನು ಮರೆಮಾಚಲು ಹೂಬಳ್ಳಿಗಳ ನಡುವೆ ಒತ್ತಾಗಿ ಸಣ್ಣ ಚುಕ್ಕೆಗಳನ್ನು ತುಂಬಿದರು. ಲೇಸಿನ ಬಟ್ಟೆಯಂತೆ ಕಾಣುವ ಈ ಬಗೆಗೇ ಇಂದು ಹೆಚ್ಚು ಬೆಲೆ. 1864ರಲ್ಲಿ ವಿಲಿಯಂ ಲೈಟನ್ ಎಂಬವನು ಸೀಸವಿಲ್ಲದ ಅಗ್ಗದ ಗಾಜನ್ನು ಹದಗೊಳಿಸಿದ ಮೇಲೆ ಪೈಪೋಟಿ ಹೆಚ್ಚಿತು. ಸ್ಯಾಂಡ್‌ವಿಚ್ಚಿನ ಕಾರ್ಖಾನೆ 1888ರಲ್ಲಿ ಮುಚ್ಚಿತು.

ಸಂಗ್ರಾಹಕರಿಗೆ ಬಲು ಪ್ರಿಯವಾದುದು ಅಂಗೈಯಗಲದ ಒಂದು ಪುಟ್ಟ ತಟ್ಟೆ. ನಮ್ಮ ಹಿರಿಯರಂತೆ ಅಂದಿನ ಅಮೆರಿಕದವರೂ ಚಹಾವನ್ನು ಬಸಿಗೆ ಸುರಿದು ಆರಿಸಿ ಕುಡಿಯುತ್ತಿದ್ದರು. ಆಗ ಒದ್ದೆ ಕಪ್ಪಿನಿಂದ ಮೇಜುಬಟ್ಟೆ ಕಲೆಯಾಗದಂತೆ ಈ ತಟ್ಟೆಯ ಮೇಲೆ ಇಡುತ್ತಿದ್ದರು. ಅದರಲ್ಲಿ ಹದ್ದು, ಬಂಕರ್ ಹಿಲ್ ಸ್ಮಾರಕ, ಚುನಾವಣೆಗೆ ನಿಂತವರ ಮುಖ ಎಲ್ಲ ಉಂಟು. ಬಸಿಯ ಅಭ್ಯಾಸ ಹೋಯಿತು, ತಟ್ಟೆಯೂ ಮೂಲೆ ಸೇರಿತು. 1931ರಲ್ಲಿ ರೂತ್ ವೆಬ್ ಲೀ ಎಂಬಾಕೆ ಹಳೆಯ ಅಚ್ಚಿನ ಗಾಜಿನ ಬಗ್ಗೆ ಪುಸ್ತಕ ಬರೆದು ಮಾದರಿಗಳನ್ನು ವಿಂಗಡಿಸಿದುದು ಸಂಗ್ರಾಹಕರಿಗೆ ಕೈಪಿಡಿಯಾಯಿತು.

ಗುರುತಿಸುವುದು ಹೇಗೆ? ಚಿತ್ತಾರದ ಅಂಚು ಬೆರಳಿಗೆ ಹರಿತವಾಗಿ ತಾಗಿದರೆ ಕೆತ್ತಿದ್ದು, ಮೊಂಡಾಗಿದ್ದರೆ ಸಾಮಾನ್ಯವಾಗಿ ಅಚ್ಚಿನದು. ಅಚ್ಚಿನ ಭಾಗಗಳು ಕೂಡುವಲ್ಲಿ ಸಣ್ಣ ಏರುಗೆರೆ ಕಾಣಬಹುದು. ಸೀಸ ಬೆರೆತ ಹಳೆಯ ಬಟ್ಟಲನ್ನು ಮೆಲ್ಲನೆ ತಟ್ಟಿದರೆ ಗಂಟೆಯ ನಾದ ಬರುತ್ತದೆ. ಹಳೆಯ ಮಾದರಿಯ ಹೊಸ ನಕಲುಗಳೂ ಇರುವುದರಿಂದ ಎಚ್ಚರ ಬೇಕು.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ನಮ್ಮ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್ ಅಚ್ಚಿನಲ್ಲಿ ತಯಾರಿಸಿದ, ಕಾಮನಬಿಲ್ಲಿನ ಬಣ್ಣ ಹೊಳೆಯುವ ಲೋಟ, ಹೂದಾನಿಗಳನ್ನು ಈಗ ಹೊರದೇಶದವರು ಸಂಗ್ರಹಿಸುತ್ತಿದ್ದಾರೆ. ನಾವು ಮಾತ್ರ ಸ್ಟೀಲು ಬಂದೊಡನೆ ಹಳೆಯದನ್ನು ಗುಜರಿಗೆ ಹಾಕಿದೆವು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೂ ಮನೆಬಳಕೆಯ ವಸ್ತುಗಳನ್ನೂ ಕೂಡಿಹಾಕಿ ಉಳಿಸಿಕೊಟ್ಟರು. 2017ರಲ್ಲಿ ಅವರು ತೀರಿಹೋದರೂ ಆ ಸಂಗ್ರಹ ಇದೆ. ಊರಿಗೊಬ್ಬ ಶೆಣೈ ಹುಟ್ಟಲಾರರು.

ಗಡಿಯಾಚೆಯ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಹಿತವುಂಟು. ಕೊಯಮತ್ತೂರು ಸೀಮೆಯ ಅನೇಕ ದೇವಾಂಗ ನೇಕಾರರ ಮನೆಮಾತು ಕನ್ನಡ, ಮಕ್ಕಳ ಓದು ತಮಿಳು. ನಮ್ಮಲ್ಲಿಯೂ ಶಾಲೆ, ಕಚೇರಿಗಳಲ್ಲಿ ಕನ್ನಡ ಹಿಂದೆ ಸರಿದಂತೆ ಅದು ಉಳಿಯುವುದು ಅಡುಗೆಮನೆಯಲ್ಲಿ. ಭರಣಿ, ಗಿಂಡಿ, ಮರಿಗೆ, ಬಸಿ ಕಣ್ಮರೆಯಾದರೆ ಆ ಮಾತುಗಳನ್ನು ಆಡುವ ಸಂದರ್ಭವೇ ಇರದು.

ಆದುದರಿಂದ ಮನೆ ಕೆಡಹುವ ಮೊದಲು ಅಟ್ಟವನ್ನೊಮ್ಮೆ ನೋಡಿ. ಒಂದೊಂದು ಬಗೆಯಲ್ಲಿ ಒಂದನ್ನಾದರೂ ಇಟ್ಟುಕೊಳ್ಳಿ. ಅದರ ಕನ್ನಡದ ಹೆಸರು, ಬಳಸುತ್ತಿದ್ದವರು, ಬಳಕೆಯ ಬಗೆ, ಮನೆಗೆ ಬಂದ ವರ್ಷ ಇಷ್ಟನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಅಜ್ಜಿಯನ್ನು ಕೇಳಿ ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಂದಲೇ ಮಾಡಿಸಿದರೆ ಇನ್ನೂ ಒಳ್ಳೆಯದು.