ಚಿಕ್ಕ ಗಡಿಯಾರದಿಂದ ಕುಂಬಾರಕೊಪ್ಪಲಿಗೆ

ಮೈಸೂರಿಗೆ ಬಂದ ನೆಂಟರಿಗೆ ದೇವರಾಜ ಮಾರುಕಟ್ಟೆ ತೋರಿಸುವುದು ರೂಢಿ. ಕುಂಬಾರಕೊಪ್ಪಲಿನ ಕಸ ವಿಂಗಡಣೆ ಘಟಕಕ್ಕೆ ಮಾತ್ರ ಯಾರೂ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಎರಡನ್ನೂ ಬೆನ್ನುಬೆನ್ನಿಗೇ ನೋಡಬೇಕು ಎನ್ನುವವಳು ನಾನು. ಸಾಮಾನು ಮನೆಗೆ ಹೊರಡುವ ಜಾಗ ಒಂದು; ಅದೇ ಸಾಮಾನಿನ ಸಿಪ್ಪೆ, ಕವರು, ಬಾಟಲಿ ಬಂದು ಬೀಳುವ ಜಾಗ ಇನ್ನೊಂದು. ‘ಪರಿಸರಸ್ನೇಹಿ’ ಎಂದು ಹಸಿರು ಚೀಟಿ ಅಂಟಿಸಿಕೊಂಡ ಡಬ್ಬಿಗಳನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಹುಡುಕುವ ಮೊದಲು ಈ ಎರಡು ಕಡೆ ಸುತ್ತಿ ಬಂದರೆ ಕೊಳ್ಳುವ ಪಟ್ಟಿಯೇ ಬೇರೆಯಾಗುತ್ತದೆ.

ಚಿಕ್ಕ ಗಡಿಯಾರ ಗೋಪುರದ ಕಡೆಯ ಬಾಗಿಲಿನಿಂದಲೇ ಮಾರುಕಟ್ಟೆಯ ಒಳಗೆ ಹೋಗೋಣ. ಶತಮಾನ ದಾಟಿದ ಕಟ್ಟಡ. ಆಚೆ ತುದಿಯಲ್ಲಿ, ಧನ್ವಂತರಿ ರಸ್ತೆಯ ಕಡೆಗಿದ್ದ ಬಾಗಿಲಿನ ಭಾಗ 2016ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಉಳಿಸಬೇಕೋ, ಕೆಡವಿ ಹೊಸದು ಕಟ್ಟಬೇಕೋ ಎಂಬ ಜಗಳ ಹೈಕೋರ್ಟಿನವರೆಗೂ ಹೋಯಿತು. ಅದರ ನಡುವೆಯೂ ಹೂವು ಮೊಳದ ಲೆಕ್ಕದಲ್ಲಿ ಮಾರಾಟವಾಗುತ್ತಲೇ ಇತ್ತು.

ಪ್ರವಾಸಿಗರು ಮೊದಲು ನಿಲ್ಲುವುದು ಕುಂಕುಮದ ಗುಡ್ಡೆಗಳ ಮುಂದೆ. ಕೆಂಪು, ಗುಲಾಬಿ, ನೀಲಿ, ಹಸಿರು, ಫೋಟೊಗೆ ಚೆನ್ನ. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವ ಕುಂಕುಮಕ್ಕೆ ನೀಲಿ ಬಣ್ಣ ಬರುವುದಿಲ್ಲ ಎಂಬಷ್ಟು ತಿಳಿದಿದ್ದರೆ ಸಾಕು, ಹಣೆಗೆ ಯಾವುದು, ರಂಗೋಲಿಗೆ ಯಾವುದು ಎಂದು ತಾನಾಗಿ ಗೊತ್ತಾಗುತ್ತದೆ. ಅರಿಶಿನದ ಪುಡಿಯ ಬದಲು ಕೊಂಬು ಕೊಂಡು ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ಕ್ಷೇಮ. ಹಳದಿ ಹೆಚ್ಚು ಹೊಳೆಯಲೆಂದು ಸೀಸದ ಕ್ರೋಮೇಟ್ ಬೆರೆಸುವ ದುರಭ್ಯಾಸ ನಮ್ಮ ಉಪಖಂಡದಲ್ಲಿ ಪರೀಕ್ಷೆಗೆ ಸಿಕ್ಕಿಬಿದ್ದಿರುವುದು ಸುಳ್ಳಲ್ಲ. ಸೀಸ ಮಕ್ಕಳ ಮೆದುಳಿಗೆ ವಿಷ.

ಮುಂದೆ ಎಲೆ ಮಾರುವವರು. ಬಾಳೆ ಎಲೆ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲಿ ಕಂತೆ ಕಟ್ಟಿಟ್ಟ ಇಸ್ತ್ರಿ ಎಲೆಯನ್ನೊಮ್ಮೆ ಕೈಗೆತ್ತಿಕೊಳ್ಳಿ. ಒಣಗಿದ ಮುತ್ತುಗದ ಎಲೆಗಳನ್ನು ಅಂಚಿಗೆ ಅಂಚು ಸೇರಿಸಿ ಸಣ್ಣ ಕಡ್ಡಿಯಿಂದ ಚುಚ್ಚಿ ದುಂಡಗೆ ಮಾಡಿದ್ದು. ನೂಲಿಲ್ಲ, ಅಂಟಿಲ್ಲ. ತಿಳಿಸಾರು ಸೋರುತ್ತದೆ ಎನ್ನುವುದು ಅದರ ಮೇಲಿನ ದೂರು. ಅನ್ನದ ಕಟ್ಟೆ ಕಟ್ಟಿ ಊಟ ಮಾಡಬಲ್ಲವರಿಗೆ ಆ ದೂರಿಲ್ಲ. ಇದರ ಜಾಗಕ್ಕೆ ಬಂದಿರುವುದು ಬೆಳ್ಳಿ ಬಣ್ಣದ ಪೇಪರ್ ತಟ್ಟೆ. ಉಗುರಿನಿಂದ ಅದರ ಅಂಚು ಕೆರೆದು ನೋಡಿ, ತೆಳುವಾದ ಪ್ಲಾಸ್ಟಿಕ್ ಪೊರೆ ಎದ್ದು ಬರುತ್ತದೆ. ಪೇಪರ್ ಎಂದು ಹೆಸರಷ್ಟೇ.

ಬಾಗಿಲ ಬಳಿಯ ಟೀ ಕಪ್ಪಿನದೂ ಅದೇ ಕಥೆ. ಐಐಟಿ ಖರಗ್‌ಪುರದವರು ಇಂಥ ಕಪ್ಪಿನಲ್ಲಿ 100 ಮಿಲಿ ಬಿಸಿ ದ್ರವವನ್ನು 15 ನಿಮಿಷ ಇಟ್ಟು ನೋಡಿದಾಗ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು ಇಳಿದಿದ್ದವು. ಗಾಜಿನ ಲೋಟ ಕೇಳಿದರೆ ಕೊಡುವ ಅಂಗಡಿಗಳು ಇನ್ನೂ ಇವೆ, ಆದರೆ ಕೇಳಬೇಕು. ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ಹೇಳಲು ನಾನು ತಯಾರಿಲ್ಲ. ಬಿಸಿ ಬೋಂಡಾವನ್ನು ಹಳೇ ಸುದ್ದಿ ಪೇಪರಿನಲ್ಲಿ ಸುತ್ತಿ ಕೊಡುವುದು ನಮಗೆಲ್ಲ ಬಾಲ್ಯದ ಸವಿ. ಆ ಎಣ್ಣೆಯಲ್ಲಿ ಮುದ್ರಣದ ಶಾಯಿಯೂ ಕರಗಿ ಬರುತ್ತದೆ. ಆಹಾರ ಪೊಟ್ಟಣದ 2018ರ ನಿಯಮ ಇದನ್ನು ಸ್ಪಷ್ಟವಾಗಿಯೇ ನಿಷೇಧಿಸಿದೆ. ಬಾಳೆ ಎಲೆ ಹತ್ತು ಹೆಜ್ಜೆ ದೂರದಲ್ಲೇ ಮಾರಾಟಕ್ಕಿದ್ದರೂ ಬೋಂಡಾದವರಿಗೆ ಹಳೇ ಪೇಪರೇ ಅಗ್ಗ.

ಈಗ ನಿಜವಾಗಿ ಹೊತ್ತು ಕಳೆಯಬೇಕಾದ ಜಾಗ: ಗ್ರಂಧಿಗೆ ಅಂಗಡಿ. ಬಾಯಿ ಮಡಚಿಟ್ಟ ಚೀಲಗಳಲ್ಲಿ ಸೀಗೆಕಾಯಿ, ಅಂಟುವಾಳ, ನೆಲ್ಲಿಚೆಟ್ಟು, ಕಸ್ತೂರಿ ಅರಿಶಿನ, ಲಾವಂಚದ ಬೇರು, ತಲೆಗೆ ಹಾಕುವ ಚಿಗರೆಪುಡಿ. ಶಾಂಪೂ ಬರುವ ಮುಂಚೆ ಮೈಸೂರು, ಮಂಡ್ಯದ ಕಡೆ ಎಣ್ಣೆಸ್ನಾನದ ದಿನ ಬಚ್ಚಲೆಲ್ಲ ಹಸಿರಾಗಿಸುತ್ತಿದ್ದುದು ಈ ಚಿಗರೆಪುಡಿಯೇ. ಅಂಟುವಾಳವನ್ನು ಬೆರಳಲ್ಲಿ ಹಿಡಿದು ನೋಡಿ. ಸುಕ್ಕುಗಟ್ಟಿದ ಕಂದು ಸಿಪ್ಪೆ ಸ್ವಲ್ಪ ಜಿಗುಟು. ಅಲ್ಲಾಡಿಸಿದರೆ ಒಳಗೆ ಕಪ್ಪು ಬೀಜ ಗಲಗಲ ಎನ್ನುತ್ತದೆ. ನೊರೆ ಬರಿಸುವ ಸಪೋನಿನ್ ಇರುವುದು ಸಿಪ್ಪೆಯಲ್ಲಿ. ಬೀಜದಿಂದ ಬರುವುದು ತೂಕ ಮಾತ್ರ. ಬೀಜ ತೆಗೆದದ್ದು ಕೊಡಿ ಎಂದು ಕೇಳಿದವರಿಗೆ ಅಂಗಡಿಯವರು ಸ್ವಲ್ಪ ಹೆಚ್ಚು ಮರ್ಯಾದೆ ಕೊಡುತ್ತಾರೆ.

“ರೇಷ್ಮೆ ಸೀರೆಗಾಮ್ಮ, ಒಡವೆ ತೊಳ್ಯಕ್ಕಾ?” ಯಜಮಾನರು ಕೇಳಿದರು. ದಿನದ ಬಟ್ಟೆಗೆ ಎಂದೆ.

“ವಾಷಿಂಗ್ ಮಿಷಿನ್‌ಗೆ ಹಾಕ್ತೀವಿ ಅಂತ ತಗೊಂಡ್ಹೋಗೋರು ಈಗ ಬರ್ತಾರೆ. ಎಣ್ಣೆ ಜಿಡ್ಡು ಹೋಗ್ಲಿಲ್ಲ ಅಂತ ಮಾತ್ರ ನನ್ಹತ್ರ ಜಗಳಕ್ಕೆ ಬರ್ಬೇಡಿ ನೋಡಿ.”

ಅವರ ಮಾತು ಖರೆ. ಬೆವರಿನ ಬಟ್ಟೆ, ರೇಷ್ಮೆ, ಉಣ್ಣೆ, ಕೂಸಿನ ಲಂಗೋಟಿಗೆ ಅಂಟುವಾಳ ಚೆನ್ನಾಗಿ ಒಗ್ಗುತ್ತದೆ. ಅಡುಗೆಮನೆಯ ಮಸಿಬಟ್ಟೆಗೆ ಸೋಪು ಬೇಕೇ ಬೇಕು. ಅಂಟುವಾಳದ ಸಿಪ್ಪೆ ಕುದಿಸಿದ ನೀರು ಎರಡು ಮೂರು ದಿನದಲ್ಲಿ ಹುಳಿವಾಸನೆ ಹೊಡೆಯುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಬೇಕು, ಕಣ್ಣಿಗೆ ಬಿದ್ದರೆ ಉರಿ. ಇಷ್ಟೆಲ್ಲ ರಗಳೆ ಯಾಕೆ ಎನ್ನುವವರಿಗೆ ನನ್ನ ಉತ್ತರ ಒಂದೇ: ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಸುರಿಯಬಹುದು, ಹಿಂಡಿದ ಸಿಪ್ಪೆಯನ್ನು ಹಸಿಕಸದ ಬುಟ್ಟಿಗೆ ಹಾಕಬಹುದು. ಮನೆಯಲ್ಲಿ ಡಬ್ಬಿ ಉಳಿಯುವುದಿಲ್ಲ.

ಊದುಬತ್ತಿ ಅಂಗಡಿ ದಾಟುವಾಗ ಒಂದು ಮಾತು. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ನಮಗೆ ಹೆಮ್ಮೆಯೂ ಇದೆ. ಪೂಜೆಗೆ ಒಂದು ಬತ್ತಿ ಸರಿ. ಬಾಗಿಲು ಕಿಟಕಿ ಮುಚ್ಚಿ ರಾತ್ರಿಯಿಡೀ ಸೊಳ್ಳೆಬತ್ತಿ ಹಚ್ಚಿಡುವುದು ಬೇರೆ ವಿಷಯ. ಒಂದು ಸುರುಳಿ ಪೂರ್ತಿ ಉರಿದರೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತ್ತು. ‘ಗಿಡಮೂಲಿಕೆಯದು’ ಎಂದು ಬರೆದ ಮಾತ್ರಕ್ಕೆ ಹೊಗೆ ಹೊಗೆಯಾಗದೆ ಇರುವುದಿಲ್ಲ, ಬೇವಿನ ಹೊಗೆಯೂ ಸೇರಿ. ಸೊಳ್ಳೆಪರದೆ ಕಟ್ಟುವುದು ಬೇಸರದ ಕೆಲಸವೇ. ಆದರೂ ಕಟ್ಟಿಕೊಂಡು ಮಲಗುವ ಮನೆಯ ಮಗುವಿನ ಎದೆ ಹಗುರಾಗಿರುತ್ತದೆ.

ಹೊರಡುವ ಮುನ್ನ ನಿಮ್ಮ ಕೈಯಲ್ಲಿರುವ ಚೀಲ ನೋಡಿಕೊಳ್ಳಿ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಬಂತು. ಆ ಹೊತ್ತಿಗೆ ಮಾರುಕಟ್ಟೆ ತುಂಬ ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ಚೀಲಗಳು ಬಂದಿದ್ದವು. ಅವು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್. ಚೂರು ಹರಿದು ಬೆಂಕಿ ತಾಗಿಸಿದರೆ ಬೂದಿಯಾಗದೆ ಕರಗಿ ಗೋಲಿಯಾಗುತ್ತದೆ. ಹೊಸ ಹತ್ತಿ ಚೀಲ ಹತ್ತು ಕೊಂಡು ಬೀರುವಿನಲ್ಲಿ ಪೇರಿಸುವುದರಿಂದಲೂ ಪ್ರಯೋಜನವಿಲ್ಲ, ಹತ್ತಿ ಬಹಳ ನೀರು ಕುಡಿಯುವ ಬೆಳೆ. ಹಳೆ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲ ಐದು ಕೆಜಿ ಈರುಳ್ಳಿ ಹೊರುತ್ತದೆ, ಅಂದ ಕಡಿಮೆ ಅಷ್ಟೆ.

ಮಾರುಕಟ್ಟೆಯಿಂದ ಗೋಕುಲಂ ಕಡೆಗೆ ಹೋಗಿ, ಅದರಾಚೆ ಕುಂಬಾರಕೊಪ್ಪಲು. ಮೈಸೂರು 2015ರಲ್ಲಿ, ಮತ್ತೆ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶದ ಅತಿ ಸ್ವಚ್ಛ ನಗರ ಎನಿಸಿಕೊಂಡಿತು. ಆ ಸ್ವಚ್ಛತೆ ನೋಡಲು ಬಂದವರನ್ನು ಇಲ್ಲಿನ ಶೂನ್ಯ ತ್ಯಾಜ್ಯ ಘಟಕಕ್ಕೂ ಕರೆತರುತ್ತಿದ್ದರು. ನಗರದ ಇನ್ನೊಂದು ತುದಿಯಲ್ಲಿ, ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ, ವರ್ಷಗಳಿಂದ ಬೆರಕೆಯಾಗಿ ಬಂದ ಕಸ ಲಕ್ಷಗಟ್ಟಲೆ ಟನ್ ಗುಡ್ಡವಾಗಿ ಸುತ್ತಲಿನ ಬಡಾವಣೆಗಳಿಗೆ ನಾತ ಬೀರಿದ್ದನ್ನು ಅವರಿಗೆ ತೋರಿಸುತ್ತಿದ್ದರೋ ಇಲ್ಲವೋ. ಒಂದೇ ಊರಿನ ಕಸ. ಬೇರೆ ಮಾಡಿ ಕೊಟ್ಟರೆ ಹೀಗೆ, ಕಲಸಿ ಕೊಟ್ಟರೆ ಹಾಗೆ.

ಕುಂಬಾರಕೊಪ್ಪಲಿನ ಘಟಕದ ಒಳಗೆ ಒಂದು ಬದಿ ಹಸಿಕಸ ಕೊಳೆಯುತ್ತಿರುತ್ತದೆ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ: ಸೊಪ್ಪಿನ ದಂಟು, ಕಾಯಿತುರಿ ಹಿಂಡಿದ ಚರಟ, ಬಾಡಿದ ಹೂವು. ಒಂದೂವರೆ ಎರಡು ತಿಂಗಳಲ್ಲಿ ಇದು ಕಪ್ಪು ಗೊಬ್ಬರ. ವಾಸನೆ ಇದ್ದೇ ಇರುತ್ತದೆ, ಆದರೆ ಮೂಗು ಮುಚ್ಚಿಕೊಳ್ಳುವ ಮಟ್ಟದ್ದಲ್ಲ.

ಇನ್ನೊಂದು ಬದಿಯ ಒಣಕಸದ ರಾಶಿಯೇ ನನಗೆ ಪಾಠಶಾಲೆ. ಅಲ್ಲಿ ಕೂತ ಹೆಂಗಸರು ಪ್ಲಾಸ್ಟಿಕ್ಕಿಗೆ ಹಸಿರು ಕೆಂಪು ಎಂಬ ಭೇದ ಮಾಡುವುದಿಲ್ಲ. ಅವರದು ಎರಡೇ ಜಾತಿ, ಕೊಳ್ಳುವವರು ಇರುವುದು ಮತ್ತು ಇಲ್ಲದ್ದು. ನೀರಿನ ಬಾಟಲಿ, ರಟ್ಟು, ತಗಡು, ಗಾಜು ಇವಕ್ಕೆಲ್ಲ ಗಿರಾಕಿ ಉಂಟು. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಷೆ, ಟೂತ್‌ಪೇಸ್ಟ್ ಟ್ಯೂಬು, ಮಾತ್ರೆ ಖಾಲಿಯಾದ ಪಟ್ಟಿ, ಪೊರೆ ಹಚ್ಚಿದ ಕಪ್ಪು, ತಟ್ಟೆ ಯಾರಿಗೂ ಬೇಡ. ಪ್ಲಾಸ್ಟಿಕ್ಕನ್ನು ಅಲ್ಯೂಮಿನಿಯಮ್ಮಿಗೋ ಕಾಗದಕ್ಕೋ ಬಿಡಿಸಲಾಗದಂತೆ ಅಂಟಿಸಿರುತ್ತಾರಲ್ಲ, ಅದಕ್ಕೆ. ಇಂಥವು ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತವೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷನ್ನು ಬಹಳ ಜನ ಹೆಮ್ಮೆಯಿಂದ ಕೊಳ್ಳುತ್ತಾರೆ. ಹಿಡಿಯೇನೋ ಮಣ್ಣಾಗುತ್ತದೆ, ಎಳೆಗಳು ಸಾಮಾನ್ಯವಾಗಿ ನೈಲಾನ್.

“ಹಾಲಿನ ಕವರ್ ತೊಳ್ದು ಕೊಟ್ರೆ ಅದಕ್ಕೆ ರೇಟು ಅಕ್ಕ. ಗಲೀಜಾಗಿ ಬಂತು ಅಂದ್ರೆ ಅದೂ ಕಸವೇ,” ಎಂದರು ಅವರಲ್ಲೊಬ್ಬರು. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ, ತುಂಡು ಅಂಟಿಕೊಂಡಿರುವ ಹಾಗೆಯೇ ಬಿಟ್ಟರೆ ಒಳ್ಳೆಯದೆಂದೂ ಹೇಳಿದರು. ಬೆರಳ ತುದಿಯಷ್ಟಿರುವ ಆ ಚೂರನ್ನು ಯಾರು ಆರಿಸುತ್ತಾರೆ? ಅದು ನೇರ ಚರಂಡಿಗೆ.

ಆರೋಗ್ಯದ ಹೆಸರಿನಲ್ಲಿ ಕೊಂಡದ್ದೇ ಇಲ್ಲಿ ಎಲ್ಲಕ್ಕಿಂತ ಕಷ್ಟ ಕೊಡುವುದು. ಪ್ಯಾಡು, ಡೈಪರು, ಇನ್ಸುಲಿನ್ ಸೂಜಿ. ಘನತ್ಯಾಜ್ಯ ನಿಯಮದಂತೆ ಪ್ಯಾಡು, ಡೈಪರುಗಳನ್ನು ಸುತ್ತಿ ಬೇರೆಯಾಗಿ ಕೊಡಬೇಕು. ಅವು ವಿಂಗಡಿಸುವವರ ಬರಿಗೈಗೆ ಬಂದು ಬೀಳುವುದು ಇನ್ನೂ ನಿಂತಿಲ್ಲ. ಮುಟ್ಟಿನ ಕಪ್ ಸರಿಯಾಗಿ ತೊಳೆದು, ಕುದಿಸಿ ಬಳಸಿದರೆ ವರ್ಷಗಟ್ಟಲೆ ಬರುತ್ತದೆ. ಪಕ್ಕದ ಚಾಮರಾಜನಗರದಲ್ಲಿ ಸರ್ಕಾರವೇ ‘ಮೈತ್ರಿ’ ಹೆಸರಿನಲ್ಲಿ ಹುಡುಗಿಯರಿಗೆ ಅದನ್ನು ಹಂಚುವ ಪ್ರಯೋಗಕ್ಕೆ ಕೈಹಾಕಿತ್ತು. ನೀರು, ಖಾಸಗಿ ಬಚ್ಚಲು ಇಲ್ಲದ ಮನೆಯ ಹುಡುಗಿಗೆ ಕಪ್ಪೂ ಕಷ್ಟವೇ, ಬಟ್ಟೆಯ ಪ್ಯಾಡೂ ಕಷ್ಟವೇ. ಅನುಕೂಲ ಇರುವವರು ಮೊದಲು ಬದಲಾಗಲಿ ಎಂದಷ್ಟೇ ನಾನು ಹೇಳಬಲ್ಲೆ. ಸೂಜಿಯನ್ನಂತೂ ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಮೇಲೆ ‘ಸೂಜಿ’ ಎಂದು ದಪ್ಪಗೆ ಬರೆದು ಕೊಡುವುದಕ್ಕೆ ಯಾವ ಅನುಕೂಲವೂ ಬೇಕಿಲ್ಲ.

ಹೋಗುವವರು ಮೊದಲೇ ಹೇಳಿ, ಬೆಳಗಿನ ಕಸದ ಗಾಡಿ ಬಂದ ಮೇಲೆ ಹೋಗಿ. ಆಗಲೇ ಕೆಲಸ ಕಾಣುವುದು. ಗೊಬ್ಬರ ಬೇಕಿದ್ದರೆ ಚೀಲ ನೀವೇ ಒಯ್ಯಿರಿ. ಹೊರಡುವಾಗ ಹಾಲಿನ ಕವರಿನ ಮಾತು ಹೇಳಿದ ಹೆಂಗಸನ್ನು, ನಮ್ಮಂಥ ಮನೆಯವರಿಂದ ನಿಮಗೆ ಏನಾಗಬೇಕು ಎಂದು ಕೇಳಿದೆ. ದೊಡ್ಡ ಬೇಡಿಕೆಯೇನೂ ಬರಲಿಲ್ಲ.

“ಮೊಸರನ್ನ ಹಾಕಿದ್ ಕವರ್‌ಗೆ ಮೂರ್ಮೂರು ಗಂಟು ಹಾಕಿರ್ತೀರ. ಅದನ್ನ ಬಿಚ್ಚೋದೇ ಅರ್ಧ ದಿನ ಹಿಡೀತದೆ. ಅನ್ನಾನ ಬಕೀಟಿಗೆ ಸುರ್ದು, ಕವರ್ ಬೇರೆ ಇಡ್ರಕ್ಕ.”